ಐದರ ಬಿಲ್ಲೆಯೊಳಗೆ ಐದು ಎಲ್ಲಿದೆ?

ಐದು ರೂಪಾಯಿ ಬಿಲ್ಲೆ ತೋರಿಸಿ "ಇದೆಷ್ಟು?" ಅಂತ ಕೇಳಿದರೆ ನಮ್ಮ ಒಂದನೇ ತರಗತಿಯ ಮಕ್ಕಳೆಲ್ಲ ಒಟ್ಟಿಗೆ "ಐದು" ಅಂತ ಕೂಗುತ್ತಾರೆ. ಅದೇ ಬಿಲ್ಲೆಯನ್ನು ಒಂದು ಕಡೆ, ಒಂದು ರೂಪಾಯಿಯ ಮೂರು ಬಿಲ್ಲೆಗಳನ್ನು ಇನ್ನೊಂದು ಕಡೆ ಇಟ್ಟು "ಯಾವುದು ಜಾಸ್ತಿಯೋ ಅದನ್ನು ತಗೋ" ಅಂದರೆ ಸುಮಾರು ಮಕ್ಕಳ ಕೈ ಮೂರರ ಕಡೆಗೇ ಹೋಗುತ್ತದೆ. ಇಲ್ಲಿ ಮೂರಿದೆ, ಅಲ್ಲಿ ಒಂದೇ ಇದೆ. ಅವರ ಲೆಕ್ಕ ಅವರಿಗೆ ಸರಿ. ಹುಣಸೆಬೀಜ ಎಣಿಸುವಾಗ ನಾವೇ ಕಲಿಸಿದ್ದು ಅದನ್ನಲ್ವಾ? ಒಂದು ಬೀಜ ಮುಟ್ಟಿದರೆ ಒಂದು, ಇನ್ನೊಂದು ಮುಟ್ಟಿದರೆ ಎರಡು. ಈಗ ಒಂದು ಬಿಲ್ಲೆ ಮುಟ್ಟಿ ಐದು ಅನ್ನಬೇಕು ಅಂದರೆ ಮಗು ಯಾಕೆ ಒಪ್ಪಬೇಕು?

ಹಣ ಕಲಿಸುವುದರಲ್ಲಿ ಕಷ್ಟ ಇರುವುದೆಲ್ಲ ಇಲ್ಲೇ. ಗುರುತು ಹಿಡಿಯುವುದು ಅಷ್ಟು ದೊಡ್ಡ ವಿಷಯವಲ್ಲ.

ನಾನು ತುಮಕೂರು ಜಿಲ್ಲೆಯ ಒಂದು ಹಳ್ಳಿಯ ಸರ್ಕಾರಿ ಕಿರಿಯ ಪ್ರಾಥಮಿಕ ಶಾಲೆಯಲ್ಲಿ ನಲಿ-ಕಲಿ ತರಗತಿ ನೋಡಿಕೊಳ್ಳುತ್ತೇನೆ. 1995ರಲ್ಲಿ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ ಶುರುವಾಗಿ ಆಮೇಲೆ ರಾಜ್ಯಕ್ಕೆಲ್ಲ ಬಂದ ಪದ್ಧತಿ ಇದು. ಒಂದು, ಎರಡು, ಮೂರನೇ ತರಗತಿಯವರು ಒಂದೇ ಕೋಣೆಯಲ್ಲಿ ಗುಂಪು ಗುಂಪಾಗಿ ಕೂರುತ್ತಾರೆ. ಹಣದ ಲೆಕ್ಕಕ್ಕೆ ಇದು ಒಳ್ಳೆಯದೇ ಆಯಿತು. ದೊಡ್ಡವರು ಅಂಗಡಿಯವರು, ಚಿಕ್ಕವರು ಗಿರಾಕಿಗಳು. ಒಬ್ಬರಿಗೊಬ್ಬರು ಕಲಿಸಿಕೊಳ್ಳುತ್ತಾರೆ.

ಪುಸ್ತಕದಲ್ಲಿ, ಕಾರ್ಡುಗಳಲ್ಲಿ ನಾಣ್ಯದ ಚಿತ್ರಗಳಿರುತ್ತವೆ. ಸರಿಯಾದದ್ದಕ್ಕೆ ಸುತ್ತು ಹಾಕಬೇಕು, ಗೆರೆ ಎಳೆದು ಜೋಡಿಸಬೇಕು. ಚಿತ್ರಕ್ಕೆ ತೂಕ ಇಲ್ಲ, ಸದ್ದಿಲ್ಲ. ಅಂಗಡಿಯಲ್ಲಿ ಸಿಗುವ "ಚಿಲ್ಡ್ರನ್ ಬ್ಯಾಂಕ್" ನೋಟುಗಳನ್ನೂ ತಂದು ನೋಡಿದೆ. ಮಕ್ಕಳು ಅವನ್ನು ರಾಶಿ ರಾಶಿ ಹಂಚಿಕೊಂಡು ಕ್ಷಣದಲ್ಲಿ ಲಕ್ಷಾಧೀಶರಾದರು. ಎಣಿಸುವ ಗೋಜಿಗೆ ಯಾರೂ ಹೋಗಲಿಲ್ಲ. ಹಾಗಾಗಿ ನಿಜವಾದ ದುಡ್ಡೇ ಇರಲಿ ಅಂತ ತೀರ್ಮಾನ ಮಾಡಿದೆ.

ನಿಜವಾದ ಚಿಲ್ಲರೆ ಹೊಂದಿಸುವುದು ಸುಲಭವಲ್ಲ. ಅಂಗಡಿಯವರಿಗೇ ಚಿಲ್ಲರೆ ಸಾಲದು. ಊರ ದೇವಸ್ಥಾನದ ಹುಂಡಿ ಎಣಿಸುವ ದಿನ ಪೂಜಾರಪ್ಪನವರಿಗೆ ನೋಟು ಕೊಟ್ಟು ಬಿಲ್ಲೆಗಳನ್ನು ತಂದೆ. ಕುಂಕುಮ, ಎಣ್ಣೆ ಹತ್ತಿಕೊಂಡು ಕಪ್ಪಾಗಿದ್ದವು. ಮೊದಲ ಪಾಠ ತೊಳೆಯುವುದೇ ಆಯಿತು. ಹುಣಸೆಹಣ್ಣು ಹಾಕಿ ಉಜ್ಜಿದಾಗ ಹಿತ್ತಾಳೆ ಬಣ್ಣದ ಐದರ ಬಿಲ್ಲೆ ಫಳಫಳ ಅಂದಿತು. ಒಂದು, ಎರಡರ ಸ್ಟೀಲ್ ಬಿಲ್ಲೆಗಳು ಇದ್ದ ಹಾಗೇ ಇದ್ದವು. ಐದನ್ನು ಬೇರೆ ಮಾಡುವುದು ಅಲ್ಲೇ, ಬಕೆಟ್ಟಿನ ಪಕ್ಕದಲ್ಲೇ ಅರ್ಧ ಮುಗಿಯಿತು. ಕಟ್ಟುನಿಟ್ಟಾಗಿ ಹೇಳಿದ್ದು ಎರಡೇ. ಬಾಯಿಗೆ ಹಾಕಬಾರದು. ಡಬ್ಬಿ ತೆಗೆದಾಗ ಒಂದು ಸಲ, ಮುಚ್ಚುವಾಗ ಒಂದು ಸಲ ಎಣಿಸಿ ಗೋಡೆಯ ಕಪ್ಪುಹಲಗೆಯ ಮೇಲೆ ಬರೆಯಬೇಕು. ಈ ಎಣಿಕೆಯನ್ನು ಸುಮ್ನೆ ಜೋಪಾನಕ್ಕೆ ಅಂತ ಇಟ್ಟೆ. ಕೊನೆಗೆ ಅದೇ ದಿನದ ಒಳ್ಳೆಯ ಅಭ್ಯಾಸವಾಯಿತು.

ಆಮೇಲೆ ವಿಂಗಡಿಸುವ ಕೆಲಸ. "ಒಂದೇ ಥರದವನ್ನು ಒಂದು ಕಡೆ ಇಡಿ" ಅಂತಷ್ಟೇ ಹೇಳಿದೆ. ಬೆಲೆ ನೋಡಿ ಯಾರೂ ಇಡಲಿಲ್ಲ. ಹೊಳೆಯುವವು ಒಂದು ಕಡೆ, ದೊಡ್ಡವು ಒಂದು ಕಡೆ. ಸಿಂಹ ಮೇಲಾಗಿ ಬಿದ್ದವು ಇನ್ನೊಂದು ಕಡೆ! ಒಬ್ಬ ಹುಡುಗ ನೆಲದ ಮೇಲೆ ಒಂದೊಂದನ್ನೇ ಬೀಳಿಸಿ ಸದ್ದು ಕೇಳಿ ಬೇರೆ ಮಾಡುತ್ತಿದ್ದ. ಅವನನ್ನು ತಡೆಯಲಿಲ್ಲ.

ಗಾತ್ರ ನೋಡಿ ಗುರುತಿಸಿ ಅಂತ ಕೆಲವು ಅಭ್ಯಾಸ ಹಾಳೆಗಳಲ್ಲಿ ಇರುತ್ತದೆ. ನಮ್ಮ ದೇಶದ ಬಿಲ್ಲೆಗಳಿಗೆ ಅದು ಆಗದ ಮಾತು. ಡಬ್ಬಿಯೊಳಗೆ 1992ರಿಂದ ಬಂದ ಹಳೆಯ ಒಂದು ರೂಪಾಯಿ ಇತ್ತು, ಅಗಲ 25 ಮಿಲಿಮೀಟರ್. 2011ರ ಸರಣಿಯ ಎರಡು ರೂಪಾಯಿಯೂ ಇತ್ತು, ಅದರ ಅಗಲವೂ 25 ಮಿಲಿಮೀಟರ್. ಎರಡೂ ಸ್ಟೀಲು, ತೂಕವೂ ಒಂದೇ. ಒಂದರ ಮೇಲೊಂದು ಇಟ್ಟರೆ ವ್ಯತ್ಯಾಸವೇ ಕಾಣುವುದಿಲ್ಲ. ಇನ್ನು 2019ರಲ್ಲಿ ಬಂದ ಎರಡು ರೂಪಾಯಿ ಆ ಹಳೆಯ ಒಂದು ರೂಪಾಯಿಗಿಂತ ಚಿಕ್ಕದು. ದೊಡ್ಡದಕ್ಕೆ ಬೆಲೆ ಕಡಿಮೆ, ಚಿಕ್ಕದಕ್ಕೆ ಜಾಸ್ತಿ. ದೊಡ್ಡವರೇ ಬಸ್ಸಿನಲ್ಲಿ ಒಂದಕ್ಕೆ ಎರಡು ಕೊಟ್ಟು ಇಳಿಯುತ್ತಾರೆ. ಮಕ್ಕಳನ್ನು ಏನಂತ ಹೇಳುವುದು?

ಅದಕ್ಕೇ ನಮ್ಮಲ್ಲಿ ಗಾತ್ರದ ಮಾತೇ ಎತ್ತಲಿಲ್ಲ. ತಿರುಗಿಸು, ಅಂಕಿ ಓದು. ಅಷ್ಟೇ ನಿಯಮ. ಅಂಕಿ ಇನ್ನೂ ಗಟ್ಟಿಯಾಗದ ಮಕ್ಕಳಿಗೆ 2007ರ ಸುಮಾರಿನ ಕೈ ಗುರುತಿನ ಬಿಲ್ಲೆಗಳು ಬಹಳ ನೆರವಾದವು. ಒಂದು ರೂಪಾಯಿಯ ಮೇಲೆ ಹೆಬ್ಬೆರಳು ಎತ್ತಿದ ಕೈ, ಎರಡರ ಮೇಲೆ ಎರಡು ಬೆರಳು. ಮಕ್ಕಳು ಅದೇ ಥರ ಕೈ ಹಿಡಿದು ಬಿಲ್ಲೆಯ ಪಕ್ಕ ಇಟ್ಟು ನೋಡುತ್ತಿದ್ದರು. ನಾಣ್ಯ ಮಾಡಿದವರು ನೃತ್ಯದ ಮುದ್ರೆ ಅಂತ ಮಾಡಿದರಂತೆ. ನಮ್ಮ ಮಕ್ಕಳಿಗೆ ಅದು "ಸೂಪರ್" ಕೈ. ಮೂಲ ನಾಣ್ಯವನ್ನು ಕಾಗದದ ಕೆಳಗಿಟ್ಟು ಪೆನ್ಸಿಲ್‌ನಿಂದ ಉಜ್ಜಿ ಅಚ್ಚು ತೆಗೆಸಿದೆ. ಅಂಕಿ ನಿಧಾನವಾಗಿ ಮೇಲೆದ್ದು ಬರುವುದನ್ನು ನೋಡಲು ಅವರಿಗೆ ಎಷ್ಟು ಸಲ ಆದರೂ ಬೇಜಾರಿಲ್ಲ. ಆ ಅಚ್ಚುಗಳನ್ನು ಕತ್ತರಿಸಿ ರಟ್ಟಿಗೆ ಅಂಟಿಸಿದರೆ ಮನೆಗೆ ಕೊಟ್ಟು ಕಳಿಸಲು ಆಟದ ದುಡ್ಡು ಸಿದ್ಧ.

ಹತ್ತು ರೂಪಾಯಿ ಬಿಲ್ಲೆಯದು ಬೇರೆಯದೇ ಕಥೆ. ಹೊರಗೆ ಹಳದಿ ಬಳೆ, ಒಳಗೆ ಬೆಳ್ಳಿ ಬಣ್ಣ. ತೋರಿಸಿದ ಕೂಡಲೇ ಎರಡನೇ ತರಗತಿಯ ಹುಡುಗಿ ಎದ್ದಳು. "ಮಿಸ್, ಇದು ನಡೆಯಲ್ಲ. ಅಂಗಡೀಲಿ ತಗಳಲ್ಲ." ನಡೆಯುತ್ತದೆ ಅಂತ ನಾನು, ನಡೆಯಲ್ಲ ಅಂತ ಇಡೀ ತರಗತಿ. 14 ವಿನ್ಯಾಸದ ಹತ್ತರ ನಾಣ್ಯಗಳಿವೆ, ಎಲ್ಲವೂ ನಡೆಯುತ್ತವೆ ಅಂತ ರಿಸರ್ವ್ ಬ್ಯಾಂಕ್ 2018ರಲ್ಲೇ ಹೇಳಿದೆ. ಹಳ್ಳಿಯಲ್ಲಿ ಆ ಮಾತು ಯಾರ ಕಿವಿಗೂ ಬಿದ್ದ ಹಾಗಿಲ್ಲ. ಮಕ್ಕಳ ಜೊತೆ ವಾದ ಮಾಡುವ ಬದಲು ಅವರನ್ನೇ ಬಸ್ಸಿನ ಕಂಡಕ್ಟರ್ ಹತ್ತಿರ ಕಳಿಸಿದೆ. ಅವರು ತೆಗೆದುಕೊಂಡು ಹತ್ತು ರೂಪಾಯಿ ನೋಟು ಕೊಟ್ಟರು. ಆ ಮೇಲೆ ಹತ್ತರ ಬಿಲ್ಲೆಗೆ ನಮ್ಮ ಡಬ್ಬಿಯೊಳಗೆ ಜಾಗ ಸಿಕ್ಕಿತು. ಇಪ್ಪತ್ತರದ್ದು ನಮ್ಮ ಕಡೆ ಅಪರೂಪ. ಒಂದೇ ಒಂದು ಸಿಕ್ಕಿತ್ತು. ಅದರ ಮೂಲೆಗಳನ್ನು ಎಣಿಸಲು ಸಾಲು ನಿಂತರು. ಹನ್ನೆರಡು ಮೂಲೆ. ಹತ್ತರಲ್ಲಿ ಬಳೆ ಹಳದಿಯಾದರೆ ಇದರಲ್ಲಿ ಒಳಗಿನದು ಹಳದಿ ಅಂತ ಕಂಡುಹಿಡಿದವರೂ ಅವರೇ. ನಾನು ಅಲ್ಲಿಯವರೆಗೆ ಗಮನಿಸಿರಲಿಲ್ಲ.

ಈಗ ಮೊದಲಿನ ಪ್ರಶ್ನೆಗೆ ಬರುತ್ತೇನೆ. ಐದು ಅಂತ ಓದುವುದು ಬಂತು. ಅದರೊಳಗೆ ಐದು ಇದೆ ಅನ್ನುವುದು ಬರಬೇಕಲ್ಲ?

ರಟ್ಟಿನ ಉದ್ದನೆಯ ಪಟ್ಟಿಗಳನ್ನು ಮಾಡಿದೆ. ಒಂದೊಂದರ ಮೇಲೂ ಐದು ಸುತ್ತು. ಒಂದು ರೂಪಾಯಿ ಬಿಲ್ಲೆ ಸಿಕ್ಕಿದರೆ ಒಂದು ಸುತ್ತಿನ ಮೇಲೆ ಇಡಬೇಕು. ಎರಡರ ಬಿಲ್ಲೆಯನ್ನು ಎರಡು ಸುತ್ತಿನ ನಡುವೆ ಇಟ್ಟರೆ ಎರಡೂ ತುಂಬಿದ ಹಾಗೆ. ಪಟ್ಟಿ ತುಂಬಿತೋ, ಬ್ಯಾಂಕಿಗೆ ಹೋಗಬೇಕು. ಬ್ಯಾಂಕು ಅಂದರೆ ಬಾಗಿಲ ಹತ್ತಿರ ಡಬ್ಬಿ ಹಿಡಿದು ಕೂತ ಮೂರನೇ ತರಗತಿಯವರು. ಅವರು ಬಿಲ್ಲೆಗಳನ್ನು ಎಣಿಸಿಕೊಂಡು ಒಂದು ಐದರ ಬಿಲ್ಲೆ ಕೊಡುತ್ತಾರೆ. ಆ ಬಿಲ್ಲೆಯನ್ನು ಖಾಲಿ ಪಟ್ಟಿಯ ಮಧ್ಯೆ ಇಟ್ಟುಕೊಳ್ಳಬೇಕು. ಬೇಕಾದಾಗ ಮತ್ತೆ ಬ್ಯಾಂಕಿಗೆ ಹೋಗಿ ಮುರಿಸಬಹುದು. ದಾಳ ಹಾಕುತ್ತಾ, ಬಿದ್ದಷ್ಟು ರೂಪಾಯಿ ತಗೊಳ್ಳುತ್ತಾ ಆಡುವ ಈ ಆಟಕ್ಕೆ ಮಕ್ಕಳೇ "ಮುರಿಸೋ ಆಟ" ಅಂತ ಹೆಸರಿಟ್ಟರು.

ಮೊದಮೊದಲು ಐದು ಬಿಲ್ಲೆ ಕೊಟ್ಟು ಒಂದನ್ನು ತೆಗೆದುಕೊಳ್ಳಲು ಒಂದನೇ ತರಗತಿಯವರು ಸುತರಾಂ ಒಪ್ಪುತ್ತಿರಲಿಲ್ಲ. ಒಬ್ಬನಂತೂ ಬ್ಯಾಂಕಿನವಳ ಮೇಲೆ ದೂರು ತಂದ. "ಮಿಸ್, ಅವಳು ನನ್ನ ನಾಲ್ಕು ಕಾಯಿನ್ ಇಟ್ಕೊಂಡವ್ಳೆ." ನಾನು ಏನೂ ಹೇಳಲಿಲ್ಲ. "ಹೋಗು, ವಾಪಸ್ ಕೇಳು" ಅಂದೆ. ಐದರ ಬಿಲ್ಲೆ ಕೊಟ್ಟ, ಐದು ಬಿಲ್ಲೆ ಬಂತು. ಮತ್ತೆ ಕೊಟ್ಟ, ಮತ್ತೆ ಬಂತು. ಹೀಗೆ ಹೋಗಿ ಬಂದು ಹೋಗಿ ಬಂದು ಅವನಿಗೇ ನಂಬಿಕೆ ಬಂತು. ಈ ಓಡಾಟಕ್ಕೆ ಸಮಯ ಕೊಡಬೇಕು. ಪಾಠ ಮುಗಿಸುವ ಆತುರದಲ್ಲಿ ಇದನ್ನು ಬಿಟ್ಟರೆ ಮುಂದಿನದೆಲ್ಲ ಬರೀ ಬಾಯಿಪಾಠ ಅನ್ನುವುದು ನನ್ನ ಅಭಿಪ್ರಾಯ.

ಬೆರೆಸಿದ ಬಿಲ್ಲೆಗಳನ್ನು ಕೂಡಿಸುವಾಗ ಇನ್ನೊಂದು ತೊಡಕು ಬಂತು. ಐದು, ಎರಡು, ಒಂದು ಕೈಯಲ್ಲಿದ್ದರೆ ಕೆಲವರು ಐದು ಅಂತ ಶುರು ಮಾಡಿ ಆರು, ಏಳು ಅಂತ ನಿಲ್ಲಿಸುತ್ತಿದ್ದರು. ಎರಡರ ಬಿಲ್ಲೆ ಅವರ ಪಾಲಿಗೆ ಇನ್ನೂ ಒಂದೇ. ಇದಕ್ಕೆ ಉಪಾಯ ಒಬ್ಬ ಹುಡುಗಿಯಿಂದಲೇ ಬಂತು. ಅವಳು ಎರಡರ ಬಿಲ್ಲೆಯನ್ನು ಬೆರಳಿನಿಂದ ಎರಡು ಸಲ ತಟ್ಟುತ್ತಿದ್ದಳು. ತುಟಿ ಅಲ್ಲಾಡಿಸುತ್ತಾ, ಯಾರಿಗೂ ಕಾಣದ ಹಾಗೆ. ಎಲ್ಲರಿಗೂ ಅದನ್ನೇ ತೋರಿಸಿಕೊಟ್ಟೆ. ಒಂದಕ್ಕೆ ಒಂದು ತಟ್ಟು, ಎರಡಕ್ಕೆ ಎರಡು, ಐದಕ್ಕೆ ಐದು. ಸ್ವಲ್ಪ ದಿನ ಇಡೀ ಕೋಣೆ ಟಕಟಕ ಅನ್ನುತ್ತಿತ್ತು. ಆಮೇಲೆ ಐದರ ತಟ್ಟು ತಾನಾಗಿಯೇ ನಿಂತಿತು. ಐದು ಸಲ ಕುಟ್ಟಲು ಯಾರಿಗೆ ತಾಳ್ಮೆ? ದೊಡ್ಡದರಿಂದ ಶುರು ಮಾಡಿದರೆ ತಟ್ಟುವುದು ಕಡಿಮೆ ಅಂತಲೂ ಅವರೇ ಕಂಡುಕೊಂಡರು.

ನನಗೆ ಬಹಳ ಇಷ್ಟವಾದದ್ದು "ಏಳು ರೂಪಾಯಿ ಎಷ್ಟು ಥರ ಕೊಡಬಹುದು?" ಅನ್ನುವ ಆಟ. ಒಂದು, ಎರಡು, ಐದರ ಬಿಲ್ಲೆಗಳಷ್ಟೇ. ಗುಂಪಿಗೊಂದು ಹಾಳೆ. ಒಂದು ಗುಂಪು ಐದು ದಾರಿ ಬರೆದು ನಿಂತಿತು, ಇನ್ನೊಂದು ಗುಂಪು ಆರನೆಯದನ್ನು ಹುಡುಕಿತು. ಏಳನೆಯದು ಇದೆ ಅಂತ ಹಠ ಹಿಡಿದವರು ಊಟದ ಬೆಲ್ ಹೊಡೆದರೂ ಏಳಲಿಲ್ಲ. ಅವರದು "ಎರಡು, ಐದು" ಮತ್ತು "ಐದು, ಎರಡು" ಬೇರೆ ಬೇರೆ. ಬಿಲ್ಲೆಗಳನ್ನು ಮುಷ್ಟಿಯಲ್ಲಿ ಹಿಡಿದು ತೋರಿಸಿದ ಮೇಲೆ ಒಪ್ಪಿದರು. ಮೂರನೇ ತರಗತಿಯವರಿಗೆ ಹತ್ತು ರೂಪಾಯಿ ಕೊಟ್ಟೆ. ಹತ್ತರ ಬಿಲ್ಲೆಯೂ ಸೇರಿ ಹನ್ನೊಂದು ದಾರಿ. ಮನೆಯಲ್ಲಿ ಮಾಡಿ ನೋಡಿ, ದೊಡ್ಡವರಿಗೂ ಒಂದೆರಡು ತಪ್ಪಿ ಹೋಗುತ್ತವೆ.

ನೋಟುಗಳನ್ನು ಬೇಗ ಮುಗಿಸಿದೆ. ಬಣ್ಣದ ಮೇಲೆ ನಂಬಿಕೆ ಇಡಬಾರದು ಅನ್ನುವುದು ಅಲ್ಲೂ ನಿಜ. ಹೊಸ ನೂರು ತಿಳಿ ನೇರಳೆ, ಹಳೆಯ ಐವತ್ತೂ ನೇರಳೆ. ಹೊಸ ಇಪ್ಪತ್ತು ಹಸಿರು ಹಳದಿ, ಇನ್ನೂರು ಗಾಢ ಹಳದಿ. ಸಂಜೆ ಮಬ್ಬಿನಲ್ಲಿ ದೊಡ್ಡವರೇ ಏಮಾರುತ್ತಾರೆ. ನೋಟಿನ ಹಿಂದೆ ಹದಿನೈದು ಭಾಷೆಗಳ ಪಟ್ಟಿ ಇದೆಯಲ್ಲ, ಅದರಲ್ಲಿ ಮೇಲಿನಿಂದ ನಾಲ್ಕನೆಯದು ಕನ್ನಡ. ಅದನ್ನು ಹುಡುಕಿ ಓದಲು ಹೇಳಿದೆ. ಅಕ್ಷರ ಕೂಡಿಸಿ ಓದಲು ಈಗಷ್ಟೇ ಕಲಿತವರು ಕಣ್ಣಿಗೆ ಹತ್ತಿರ ಹಿಡಿದು "ಐ-ವ-ತ್ತು ರೂ-ಪಾ-ಯಿ-ಗ-ಳು" ಅಂತ ಓದಿದರು. ಆ ಹೊಸ ಐವತ್ತರ ನೋಟಿನ ಮೇಲಿನ ಹಂಪಿಯ ಕಲ್ಲಿನ ರಥವನ್ನು ಪ್ರವಾಸಕ್ಕೆ ಹೋಗಿ ಬಂದ ಹುಡುಗ ಗುರುತಿಸಿ ಅರ್ಧ ಗಂಟೆ ವರ್ಣನೆ ಕೊಟ್ಟ. ಗಣಿತ ಅಲ್ಲಿಗೆ ನಿಂತಿತು. ಪರವಾಗಿಲ್ಲ.

ಪೈಸೆಯ ಬಗ್ಗೆ ಒಂದು ಮಾತು. ನೂರು ಪೈಸೆ ಸೇರಿದರೆ ಒಂದು ರೂಪಾಯಿ ಅಂತ ಕಲಿಸಬೇಕು, ಕಲಿಸುತ್ತೇವೆ. ಆದರೆ 25 ಪೈಸೆ 2011ರ ಜೂನ್ 30ಕ್ಕೇ ಚಲಾವಣೆ ನಿಲ್ಲಿಸಿತು. 50 ಪೈಸೆ ಕಾನೂನಿನ ಪ್ರಕಾರ ಇನ್ನೂ ನಡೆಯಬೇಕು, ಅಂಗಡಿಯಲ್ಲಿ ಯಾರೂ ಮುಟ್ಟುವುದಿಲ್ಲ. ಈ ಮಕ್ಕಳು ಹುಟ್ಟುವ ಮೊದಲೇ ಹೋದ ದುಡ್ಡು ಅದು. ಒಬ್ಬರ ಅಜ್ಜಿ ಟ್ರಂಕಿನಿಂದ ತೆಗೆದುಕೊಟ್ಟ ಐದು ಪೈಸೆಯ ಚೌಕ, ಇಪ್ಪತ್ತು ಪೈಸೆಯ ಆರು ಮೂಲೆಯ ಬಿಲ್ಲೆ, ಹತ್ತು ಪೈಸೆಯ ಅಲೆಅಲೆ ಅಂಚಿನ ಬಿಲ್ಲೆ ನೋಡಿ ಖುಷಿಪಟ್ಟರು. ಗಾಳಿಗೆ ಹಾರುವಷ್ಟು ಹಗುರ ಅಂತ ನಕ್ಕರು. ಲೆಕ್ಕಕ್ಕೆ ನಾನು ಅವನ್ನು ಬಳಸಲಿಲ್ಲ.

ತರಗತಿಯ ಮೂಲೆಯಲ್ಲಿ ಅಂಗಡಿ ಇಟ್ಟಾಗ ಬೇರೆಯೇ ಸಮಸ್ಯೆ ಎದ್ದಿತು. ಖಾಲಿ ಸೋಪಿನ ಡಬ್ಬಿ, ಟೀ ಪುಡಿ ಪೊಟ್ಟಣ, ಬಿಸ್ಕತ್ತಿನ ಕವರು ಜೋಡಿಸಿ ಬೆಲೆ ಚೀಟಿ ಅಂಟಿಸಿದ್ದೆವು. ಗಿರಾಕಿಯಾಗಿ ಬಂದ ಹುಡುಗಿ ದುಡ್ಡು ತೆಗೆಯಲೇ ಇಲ್ಲ. ಸ್ಲೇಟನ್ನು ಫೋನಿನ ಹಾಗೆ ಹಿಡಿದು "ಸ್ಕ್ಯಾನ್ ಮಾಡ್ದೆ" ಅಂದಳು. ಅಂಗಡಿಯವನು ತಕ್ಷಣ, ದುಡ್ಡು ಬಂದದ್ದನ್ನು ಕೂಗಿ ಹೇಳುವ ಅಂಗಡಿಯ ಡಬ್ಬಿಯ ದನಿಯಲ್ಲಿ "ಇಪ್ಪತ್ತು ರೂಪಾಯಿ ಬಂದಿದೆ" ಅಂದ. ಎಲ್ಲರೂ ನಕ್ಕರು, ನಾನೂ ನಕ್ಕೆ. ಆದರೆ ಯೋಚನೆಗೆ ಬಿದ್ದೆ. ಯುಪಿಐ ಬಂದಿದ್ದು 2016ರಲ್ಲಿ. ಇವರೆಲ್ಲ ಅದರ ಜೊತೆಯಲ್ಲೇ ಬೆಳೆದವರು. ಸ್ಕ್ಯಾನ್ ಮಾಡಿದರೆ ಚಿಲ್ಲರೆ ವಾಪಸ್ ಬರುವ ಪ್ರಶ್ನೆಯೇ ಇಲ್ಲ. ದೊಡ್ಡವರು ಚಿಲ್ಲರೆ ಎಣಿಸುವುದನ್ನು ನೋಡಿ ಕಲಿಯುವ ದಾರಿ ಹಾಗೆ ಸದ್ದಿಲ್ಲದೆ ಮುಚ್ಚಿಹೋಗಿದೆ. ಸ್ಕ್ಯಾನ್ ಮಾಡಬಾರದು ಅಂತ ಹೇಳಲಿಲ್ಲ. ಒಂದು ಶರತ್ತು ಹಾಕಿದೆ. ಸ್ಕ್ಯಾನ್ ಮಾಡುವವರ ಹತ್ತಿರ ಪಾಸ್‌ಬುಕ್ ಇರಬೇಕು. ಖಾತೆಯಲ್ಲಿ ಐವತ್ತು ರೂಪಾಯಿ. ಕೊಂಡ ಕೂಡಲೇ ಕಳೆದು, ಉಳಿದದ್ದು ಬರೆಯಬೇಕು. ಬರೆಯುವ ತಾಪತ್ರಯಕ್ಕೆ ಅರ್ಧ ಜನ ಮತ್ತೆ ಬಿಲ್ಲೆಗೇ ಬಂದರು.

ಚಿಲ್ಲರೆ ವಾಪಸ್ ಕೊಡುವುದರಲ್ಲಿ ನನಗೆ ಗುರುವಾದವನು ಮೂರನೇ ತರಗತಿಯ ಒಬ್ಬ ಹುಡುಗ. ಅವರ ಮನೆಯವರು ರಸ್ತೆ ಬದಿಯಲ್ಲಿ ಎಳನೀರು, ಹಣ್ಣು ಮಾರುತ್ತಾರೆ. ರಜೆಯಲ್ಲಿ ಇವನೂ ಕೂರುತ್ತಾನೆ. ಹಲಗೆಯ ಮೇಲೆ ಐವತ್ತರಲ್ಲಿ ಮೂವತ್ತಾರು ಕಳೆ ಅಂದರೆ ಇಪ್ಪತ್ತಾರು ಅಂತ ಬರೆದ. ಸೊನ್ನೆಯಿಂದ ಆರು ಹೋಗುವುದಿಲ್ಲ, ಅದಕ್ಕೆ ಆರರಿಂದ ಸೊನ್ನೆ ಕಳೆದಿದ್ದಾನೆ. ಅದೇ ಹೊತ್ತಿಗೆ ಅಂಗಡಿಯಲ್ಲಿ ಕೂರಿಸಿ ಮೂವತ್ತಾರು ರೂಪಾಯಿ ಸಾಮಾನು ತಗೊಂಡು ಐವತ್ತರ ನೋಟು ಕೊಟ್ಟೆ. "ಮೂವತ್ತಾರು" ಅಂತ ಸಾಮಾನನ್ನು ನನ್ನ ಕೈಗಿಟ್ಟ. "ಮೂವತ್ತೇಳು, ಮೂವತ್ತೆಂಟು, ಮೂವತ್ತೊಂಬತ್ತು, ನಲವತ್ತು" ಅಂತ ನಾಲ್ಕು ಬಿಲ್ಲೆ ಹಾಕಿದ. "ಐವತ್ತು" ಅಂತ ಹತ್ತರ ನೋಟು ಇಟ್ಟ. ಎಷ್ಟು ವಾಪಸ್ ಕೊಟ್ಟೆ ಅಂದರೆ ಗೊತ್ತಿಲ್ಲ. ಕೊಟ್ಟಿದ್ದು ಮಾತ್ರ ಸರಿ. ಅವನು ಕಳೆಯುವುದೇ ಇಲ್ಲ. ಕೊಡಬೇಕಾದ ಬೆಲೆಯಿಂದ ಮೇಲಕ್ಕೆ ಹತ್ತುತ್ತಾನೆ.

ಮರುದಿನದಿಂದ ಎಲ್ಲರಿಗೂ ಹಾಗೇ ಹೇಳಿಕೊಟ್ಟೆ. ಹಲಗೆಯ ಮೇಲೆ ಗೆರೆ ಎಳೆದು ಒಂದು ತುದಿಗೆ 36, ಇನ್ನೊಂದು ತುದಿಗೆ 50, ನಡುವೆ 40. ಮೊದಲ ಜಿಗಿತ ನಾಲ್ಕು, ಎರಡನೆಯದು ಹತ್ತು. ಒಟ್ಟು ಹದಿನಾಲ್ಕು. ದಶಕ ತರುವ ಕಳೆಯುವ ಲೆಕ್ಕವನ್ನು ಆಮೇಲೆ ಕಲಿಸಿದೆ, ಉತ್ತರ ಮೊದಲೇ ಗೊತ್ತಿದ್ದುದರಿಂದ ತಪ್ಪು ಬಂದರೆ ಅವರಿಗೇ ಅನುಮಾನ ಬರುತ್ತಿತ್ತು. ಎಳನೀರಿನ ಹುಡುಗನೂ ಇಪ್ಪತ್ತಾರು ಬರೆದು, ತಾನೇ ಅಳಿಸಿದ. "ಅಷ್ಟು ಕೊಟ್ರೆ ನಮ್ಗೆ ಲಾಸು ಮಿಸ್" ಅಂದ.

ಕೊನೆಗೆ ಮಕ್ಕಳ ಸಂತೆ. ನಮ್ಮ ಶಾಲೆಗಳಲ್ಲಿ ಇದು ಹೊಸದೇನಲ್ಲ, ಮೆಟ್ರಿಕ್ ಮೇಳ ಅಂತಲೂ ಮಾಡುತ್ತಾರೆ. ನಾನು ನೋಡಿದ ಕೆಲವು ಸಂತೆಗಳಲ್ಲಿ ಮಕ್ಕಳು ಪೇಟ ಸುತ್ತಿಕೊಂಡು ಮುಂದೆ ಕೂರುತ್ತಾರೆ, ಹಿಂದೆ ಅಮ್ಮಂದಿರು ದುಡ್ಡು ಎಣಿಸುತ್ತಾರೆ. ಫೋಟೊ ಚೆನ್ನಾಗಿ ಬರುತ್ತದೆ. ಹಾಗಾಗಬಾರದು ಅಂತ ಎಸ್‌ಡಿಎಂಸಿ (ಶಾಲಾಭಿವೃದ್ಧಿ ಸಮಿತಿ) ಸಭೆಯಲ್ಲೇ ಹೇಳಿಟ್ಟೆ. ಅಪ್ಪ ಅಮ್ಮ ಗಿರಾಕಿಗಳಾಗಿ ಮಾತ್ರ ಬರಬೇಕು. ಸರಿಯಾದ ಚಿಲ್ಲರೆ ತರಬಾರದು, ನೋಟೇ ಕೊಡಬೇಕು. "ಇಟ್ಕೋ ಮಗಾ" ಅಂತ ಬಾಕಿ ಬಿಟ್ಟು ಹೋಗಬಾರದು. ಈ ಕೊನೆಯದನ್ನು ಪಾಲಿಸಲು ಅಜ್ಜಂದಿರಿಗೆ ಬಹಳ ಕಷ್ಟವಾಯಿತು.

ಸೊಪ್ಪು, ನಿಂಬೆಹಣ್ಣು, ತೆಂಗಿನಕಾಯಿ, ಹುರಿದ ಕಡಲೆಕಾಯಿ, ಒಬ್ಬರ ಮನೆಯ ನಾಟಿ ಕೋಳಿಮೊಟ್ಟೆ. ಗದ್ದಲದಲ್ಲಿ ಕೆಲವರು ತಟ್ಟಿ ಎಣಿಸುವುದಕ್ಕೇ ಮತ್ತೆ ಹೋದರು. ಹೋಗಲಿ, ಉತ್ತರ ಸರಿ ಬಂತು. ಒಬ್ಬರು ಬೇಕಂತಲೇ ಕಡಿಮೆ ದುಡ್ಡು ಕೊಟ್ಟು ನೋಡಿದರು. ಒಂದನೇ ತರಗತಿಯ ಪುಟ್ಟಿ ಸೊಪ್ಪಿನ ಕಟ್ಟನ್ನು ಗಟ್ಟಿಯಾಗಿ ಹಿಡಿದುಕೊಂಡು "ಇನ್ನೂ ಎರಡು ರೂಪಾಯಿ" ಅಂತ ಬಿಡಲೇ ಇಲ್ಲ.

ಸಂಜೆ ಲೆಕ್ಕಕ್ಕೆ ಕೂತಾಗ ಅಸಲು, ಲಾಭ ಅಂತ ಎರಡು ಕಾಲಂ ಹಾಕಿದೆ. ಬಂದ ದುಡ್ಡೆಲ್ಲ ಲಾಭ ಅಂತಲೇ ಎಲ್ಲರ ವಾದ. ಕಡಲೆಕಾಯಿ ಹುಡುಗರಿಗೆ ಅಸಲು ಕಳೆಯಬೇಕು ಅಂತ ಬೇಗ ತಿಳಿಯಿತು, ಅಂಗಡಿಯಿಂದ ತಂದಿದ್ದರಲ್ಲ. ಸೊಪ್ಪಿನ ಹುಡುಗಿಯ ಅಮ್ಮ "ನಮ್ದು ಹಿತ್ತಲ ಸೊಪ್ಪು ಮೇಡಂ, ಅಸಲು ಏನೂ ಇಲ್ಲ" ಅಂದರು. ಮಗಳು ಒಪ್ಪಲಿಲ್ಲ. ಬೀಜ ತಂದಿದ್ದು? ನೀರು ಹಾಕಿದ್ದು? ಬೆಳಗ್ಗೆ ತಾನು ಕಿತ್ತು ಕಟ್ಟು ಕಟ್ಟಿದ್ದು? ಬೀಜಕ್ಕೆ ಅಂತ ಐದು ರೂಪಾಯಿ ಅಸಲಿನ ಕಾಲಂನಲ್ಲಿ ಬರೆದೆವು. ಕೂಲಿ ಎಷ್ಟು ಬರೆಯಬೇಕು ಅನ್ನುವುದು ಅಮ್ಮ ಮಗಳ ನಡುವೆ ಇತ್ಯರ್ಥವಾಗಲಿಲ್ಲ, ಆ ಜಾಗ ಪುಸ್ತಕದಲ್ಲಿ ಈಗಲೂ ಖಾಲಿ ಇದೆ.

ಸದ್ಯ ಮೂರನೇ ತರಗತಿಯವರ ಜೊತೆ ನೂರರ ನೋಟು ಮುರಿಸುತ್ತಿದ್ದೇನೆ. ನೂರು ಕೊಟ್ಟು ಮೂವತ್ತೇಳರ ಸಾಮಾನು ತಗೊಂಡರೆ ನಲವತ್ತರವರೆಗೆ ಸಲೀಸಾಗಿ ಹತ್ತುತ್ತಾರೆ. ಅಲ್ಲಿಂದ ಹತ್ತು ಹತ್ತಾಗಿ ನೂರಕ್ಕೆ ಹೋಗುವಾಗ ಒಂದು ಹತ್ತು ಜಾಸ್ತಿಯೋ ಕಡಿಮೆಯೋ ಆಗಿಬಿಡುತ್ತದೆ. ನಲವತ್ತನ್ನೇ ಮೊದಲ ಹತ್ತು ಅಂತ ಎಣಿಸಿಬಿಡುತ್ತಾರೆ. ಐದರ ಪಟ್ಟಿಯ ಹಾಗೆ ಹತ್ತು ಮನೆಗಳ ಒಂದು ದೊಡ್ಡ ಪಟ್ಟಿ ಮಾಡಿ, ಮನೆಗೊಂದು ಹತ್ತರ ನೋಟು ಇಡಿಸಿ ನೋಡಬೇಕು ಅಂತಿದ್ದೇನೆ.